ಮ್ಯಾಂಡರಿನ್ ಮೀನು ಸಾಕುವವರಿಗೆ: ಮೊದಲು ಮೇವು, ಆಮೇಲೆ ಮೀನು

ಉಪ್ಪುನೀರಿನ ಅಕ್ವೇರಿಯಂಗಳಲ್ಲಿ ಮ್ಯಾಂಡರಿನ್ ಮೀನು ಹೆಚ್ಚಾಗಿ ಸಾಯುವುದು ರೋಗದಿಂದಲ್ಲ, ಹಸಿವಿನಿಂದ. ನೀರು ತಿಳಿಯಾಗಿರುತ್ತದೆ, ಬೆಳಕು ಚೆನ್ನಾಗಿರುತ್ತದೆ, ಕಚ್ಚುವ ಮೀನು ಯಾವುದೂ ಇರುವುದಿಲ್ಲ. ಆದರೂ ತಂದ ಕೆಲವು ವಾರಗಳಲ್ಲಿ ಅದು ಸೊರಗಿ ಒಂದು ಬೆಳಿಗ್ಗೆ ತಳದಲ್ಲಿ ಬಿದ್ದಿರುತ್ತದೆ. ಸಾಕಿದವರಿಗೆ ನಂಬಲಿಕ್ಕೇ ಆಗುವುದಿಲ್ಲ, ಏಕೆಂದರೆ ಆ ಮೀನು ಹಗಲಿಡೀ ಕಲ್ಲು ಕುಕ್ಕುತ್ತಿದ್ದುದನ್ನು ಅವರು ಕಣ್ಣಾರೆ ಕಂಡಿರುತ್ತಾರೆ. ಕುಕ್ಕುವುದೇ ಬೇರೆ, ಹೊಟ್ಟೆ ತುಂಬುವುದೇ ಬೇರೆ. ಈ ಮೀನು ತರುವ ಆಸೆ ಇದ್ದರೆ ಅದರ ಮೇವನ್ನು ತಿಂಗಳುಗಳ ಮುಂಚೆಯೇ ತೊಟ್ಟಿಯಲ್ಲಿ ಬೆಳೆಸಿಡಬೇಕು. ಉಳಿದ ಸಲಹೆಗಳೆಲ್ಲ ಅದರ ನಂತರದವು.

ವೈಜ್ಞಾನಿಕವಾಗಿ ಇದು ಸಿಂಕಿರೋಪಸ್ ಸ್ಪ್ಲೆಂಡಿಡಸ್. 1927ರಲ್ಲಿ ಫಿಲಿಪ್ಪೀನ್ಸ್‌ನಿಂದ ಸಿಕ್ಕ ಮೀನನ್ನು ನೋಡಿ ಆಲ್ಬರ್ಟ್ ಹೆರ್ ಇದನ್ನು ವರ್ಣಿಸಿದರು. ಅಂಗಡಿಗಳಲ್ಲಿ 'ಮ್ಯಾಂಡರಿನ್ ಗೋಬಿ' ಎಂದು ಮಾರುತ್ತಾರೆ, ಆದರೆ ಇದು ಗೋಬಿ ಅಲ್ಲ, ಡ್ರಾಗನೆಟ್ ಕುಟುಂಬದ್ದು. ಬೆಳೆದ ಮೀನು ಆರರಿಂದ ಎಂಟು ಸೆಂಟಿಮೀಟರ್ ಇರುತ್ತದೆ. ಕಿತ್ತಳೆ ಮೈಮೇಲೆ ನೀಲಿ, ಹಸಿರು ಬಳ್ಳಿಗಳು ಸುತ್ತಿಕೊಂಡಿರುತ್ತವೆ. ಆ ನೀಲಿಯಲ್ಲೊಂದು ವಿಶೇಷವಿದೆ. ಬಹುತೇಕ ಮೀನುಗಳ ನೀಲಿ ಚರ್ಮದೊಳಗಿನ ಹರಳುಗಳು ಬೆಳಕನ್ನು ಪ್ರತಿಫಲಿಸಿ ಹುಟ್ಟುವ ನೀಲಿ. ಮ್ಯಾಂಡರಿನ್‌ನಲ್ಲಿ ನಿಜವಾದ ನೀಲಿ ವರ್ಣದ್ರವ್ಯ ತುಂಬಿದ ಕೋಶಗಳೇ ಇವೆ. 1995ರಲ್ಲಿ ಜಪಾನಿನ ಸಂಶೋಧಕರು ಇದನ್ನು ತೋರಿಸಿದರು, ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಇದು ತೀರಾ ಅಪರೂಪ. ಕೊಳ್ಳುವವರು ಮಾತ್ರ ಈ ಬಣ್ಣಕ್ಕೆ ಮರುಳಾಗಬಾರದು. ಹೊಟ್ಟೆ ಬತ್ತಿದ ಮೀನೂ ಅಂಗಡಿಯ ಬೆಳಕಿನಲ್ಲಿ ಝಗಮಗಿಸುತ್ತಲೇ ಇರುತ್ತದೆ. ಆರೋಗ್ಯ ತಿಳಿಯಲು ಬಣ್ಣ ನೋಡಿ ಪ್ರಯೋಜನವಿಲ್ಲ, ಹೊಟ್ಟೆ ನೋಡಬೇಕು.

ಮೈಮೇಲೆ ಹುರುಪೆ ಇಲ್ಲ. ಅದರ ಬದಲು ದಪ್ಪ ಲೋಳೆ ಇದೆ, ಅದು ಕಹಿ ಮತ್ತು ಕೆಟ್ಟ ವಾಸನೆಯದು, ಹಾಗಾಗಿ ದೊಡ್ಡ ಮೀನುಗಳು ಇದರ ತಂಟೆಗೆ ಬರುವುದು ಕಡಿಮೆ. ಹತ್ತಿರದಿಂದ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಬೇರೆ ಮೀನುಗಳ ಹಾಗೆ ಕೆನ್ನೆಯ ಪಕ್ಕ ಅಗಲವಾಗಿ ತೆರೆದು ಮುಚ್ಚುವ ಕಿವಿರುಬಾಯಿ ಇದಕ್ಕಿಲ್ಲ. ತಲೆಯ ಹಿಂದೆ, ಮೇಲುಗಡೆ, ಎರಡೂ ಬದಿಗೆ ಒಂದೊಂದು ಪುಟ್ಟ ರಂಧ್ರವಿದ್ದು, ಉಸಿರಾಡಿದಾಗ ಅದು ಮಿಡಿಯುವುದು ಕಾಣುತ್ತದೆ. ಕೆನ್ನೆಯ ಮೂಳೆಯಿಂದ ಚೂಪಾದ ಮುಳ್ಳೊಂದು ಹಿಂದಕ್ಕೆ ಚಾಚಿರುತ್ತದೆ. ಬಲೆ ಹಾಕಿ ಹಿಡಿಯುವವರು ಈ ಮುಳ್ಳನ್ನು ನೆನಪಿಡಬೇಕು.

ಕಡಲಿನಲ್ಲಿ ಅದರ ದಿನಚರಿ

ಜಪಾನಿನ ರ‍್ಯೂಕ್ಯೂ ದ್ವೀಪಗಳಿಂದ ಫಿಲಿಪ್ಪೀನ್ಸ್, ಇಂಡೋನೇಷ್ಯಾ, ಪಲಾವ್ ದಾಟಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ವರೆಗೆ ಇದರ ನೆಲೆ. ಅಲೆ ಹೊಡೆಯುವ ಹವಳದ ದಿಬ್ಬದ ಹೊರಮುಖ ಇದಕ್ಕೆ ಆಗದು. ದಿಬ್ಬದ ಒಳಗಿನ ಶಾಂತ ನೀರಿನಲ್ಲಿ, ಕವಲು ಹವಳದ ಬುಡದಲ್ಲಿ, ಸತ್ತ ಹವಳದ ಚೂರುಗಳ ರಾಶಿಯಲ್ಲಿ, ಸುಮಾರು 18 ಮೀಟರ್ ಆಳದೊಳಗೆ ಬದುಕುತ್ತದೆ. ಹಗಲು ಹೊತ್ತು ಅದರ ಕೆಲಸ ಒಂದೇ. ಹೊಟ್ಟೆಯಡಿಯ ಅಗಲ ರೆಕ್ಕೆಗಳ ಮೇಲೆ ನಿಂತು ಎರಡು ಹೆಜ್ಜೆ ಇಡುತ್ತದೆ, ಪಕ್ಕದ ರೆಕ್ಕೆ ಬೀಸುತ್ತ ಅರೆಕ್ಷಣ ತೇಲುತ್ತದೆ, ಒಂದು ಜಾಗವನ್ನು ದಿಟ್ಟಿಸಿ ನೋಡುತ್ತದೆ, ಬಾಯಿಯನ್ನು ಕೊಳವೆಯಂತೆ ಮುಂದಕ್ಕೆ ಚಾಚಿ ಟಕ್ಕನೆ ಕುಕ್ಕುತ್ತದೆ. ಮತ್ತೆ ಎರಡು ಹೆಜ್ಜೆ.

ಕುಕ್ಕಿ ತಿನ್ನುವುದೇನು? ಪಲಾವ್‌ನ ಮೀನುಗಳ ಹೊಟ್ಟೆ ಪರೀಕ್ಷಿಸಿದಾಗ ಕಲ್ಲಿಗೆ ಅಂಟಿಕೊಂಡು ಬದುಕುವ, ಸೀಗಡಿಯ ಬಳಗದ ಚುಕ್ಕೆಯಷ್ಟು ಸಣ್ಣ ಜೀವಿಗಳಾದ ಹಾರ್ಪ್ಯಾಕ್ಟಿಕಾಯ್ಡ್ ಜಾತಿಯ ಕೋಪೆಪಾಡ್‌ಗಳು, ಪುಟ್ಟ ಹುಳುಗಳು, ಸೀಗಡಿಯ ಬಳಗದವೇ ಆದ ಆಂಫಿಪಾಡ್‌ಗಳು, ಆಸ್ಟ್ರಕಾಡ್‌ಗಳು, ಸಣ್ಣ ಬಸವನಹುಳುಗಳು, ಮೀನಿನ ಮೊಟ್ಟೆಗಳು ಸಿಕ್ಕಿವೆ. ಎಲ್ಲವೂ ತೀರಾ ಪುಟ್ಟವು. ಒಂದೊಂದು ತುತ್ತಿನಲ್ಲಿ ಸಿಗುವ ಶಕ್ತಿ ಅತ್ಯಲ್ಪ, ಆದ್ದರಿಂದ ತುತ್ತುಗಳ ಸಂಖ್ಯೆ ಬಹಳವಾಗಬೇಕು. ದಿನಕ್ಕೆ ಒಂದು ಹೊತ್ತು ಹೊಟ್ಟೆ ತುಂಬ ಉಣ್ಣಿಸಿ ಸುಮ್ಮನಾಗುವ ಪದ್ಧತಿ ಈ ಮೀನಿಗೆ ಒಗ್ಗುವುದಿಲ್ಲ.

ತೊಟ್ಟಿ ಸಿದ್ಧವಾಗಿದೆಯೇ?

ಹೊಸ ತೊಟ್ಟಿಯಲ್ಲಿ ಅಮೋನಿಯಾ, ನೈಟ್ರೈಟ್ ಸೊನ್ನೆಗೆ ಇಳಿಯಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಗೆ ತೊಟ್ಟಿ ಸಿದ್ಧವಾಯಿತೆಂದು ಬಹಳ ಜನ ತಿಳಿಯುತ್ತಾರೆ. ಕ್ಲೌನ್ ಮೀನಿನ ಮಟ್ಟಿಗೆ ಅದು ಸರಿ. ಮ್ಯಾಂಡರಿನ್‌ಗೆ ಬೇಕಾದದ್ದು ಕಲ್ಲಿನ ಮೇಲೆ ಬೆಳೆಯುವ ಪಾಚಿಯ ತೆಳು ಪೊರೆ, ಅದನ್ನು ಮೇಯುವ ಕೋಪೆಪಾಡ್‌ಗಳು, ಅವು ತಲೆಮಾರು ತಲೆಮಾರಾಗಿ ಹೆಚ್ಚಿ ಸಂದುಗೊಂದುಗಳಲ್ಲಿ ನೆಲೆಗೊಂಡ ತೊಟ್ಟಿ. ಇದಕ್ಕೆ ಎಂಟು ಹತ್ತು ತಿಂಗಳು ಹಿಡಿಯುತ್ತದೆ. ಜೀವಿಗಳಿಲ್ಲದ ಒಣಕಲ್ಲಿನಿಂದ ಶುರು ಮಾಡಿದ ತೊಟ್ಟಿಯಾದರೆ ಕೋಪೆಪಾಡ್‌ಗಳು ತಾವಾಗಿಯೇ ಬರುವುದಿಲ್ಲ, ಎರಡನೆಯ ತಿಂಗಳಿನಿಂದಲೇ ಹೊರಗಿನಿಂದ ತಂದು ಬಿತ್ತಬೇಕು.

ಒಂದು ಮೀನಿಗೆ 250ರಿಂದ 300 ಲೀಟರ್ ನೀರು, ಸುಮಾರು 30 ಕೆ.ಜಿ. ಲೈವ್ ರಾಕ್ (ಸೂಕ್ಷ್ಮಜೀವಿಗಳು ನೆಲೆಸಿರುವ ಕಡಲ ಕಲ್ಲು) ಇಟ್ಟುಕೊಳ್ಳಿ. ಜೋಡಿ ಬೇಕಾದರೆ 400 ಲೀಟರ್. ಇಲ್ಲಿ ನೀರಿಗಿಂತ ಕಲ್ಲಿನ ಮೇಲ್ಮೈ ಮುಖ್ಯ, ಮೇವು ಬೆಳೆಯುವುದು ಅಲ್ಲಿ. ದೊಡ್ಡ ನುಣುಪು ಬಂಡೆ ಎರಡಿಡುವ ಬದಲು ರಂಧ್ರ ಹೆಚ್ಚಿರುವ ಹಗುರ ಕಲ್ಲುಗಳನ್ನು ಸಡಿಲವಾಗಿ ಜೋಡಿಸಿ, ಒಂದು ಮೂಲೆಯಲ್ಲಿ ಎರಡು ಮೂರು ಸೆಂಟಿಮೀಟರಿನ ಹವಳದ ಚೂರುಗಳನ್ನು ರಾಶಿ ಹಾಕಿ. ಆ ರಾಶಿಯೊಳಗೆ ಮೀನಿನ ಬಾಯಿ ಹೋಗುವುದಿಲ್ಲ, ಕೋಪೆಪಾಡ್‌ಗಳು ಅಲ್ಲಿ ಸುರಕ್ಷಿತವಾಗಿ ಮರಿ ಮಾಡಿ ಹೊರಗೆ ಹರಡುತ್ತವೆ. ಹರಿವಿನ ಪಂಪಿನ ನೇರ ಹೊಡೆತ ಈ ಮೂಲೆಗೆ ಬೀಳದಿರಲಿ.

ನೀರಿನ ಗುಣದಲ್ಲಿ ಅತಿಶಯವಾದದ್ದೇನೂ ಬೇಡ. ತಾಪ 24ರಿಂದ 26 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಸಾಂದ್ರತೆ 1.025, ಪಿಎಚ್ 8.1ರಿಂದ 8.4, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ. ನೈಟ್ರೇಟ್ ಐದರಿಂದ ಹದಿನೈದು ಪಿಪಿಎಂ ಇದ್ದರೆ ಒಳ್ಳೆಯದೇ. ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ತಂದು ಕಲ್ಲು ಫಳಫಳ ಹೊಳೆಯುವಂತೆ ಇಟ್ಟ ತೊಟ್ಟಿಯಲ್ಲಿ ಪಾಚಿಯೂ ಇಲ್ಲ, ಪಾಚಿ ತಿನ್ನುವ ಜೀವಿಯೂ ಇಲ್ಲ. ಅಂಥ ತೊಟ್ಟಿಯಲ್ಲಿ ಮ್ಯಾಂಡರಿನ್ ಬದುಕಿಸುವುದು ಕಷ್ಟ.

ತೊಟ್ಟಿಯ ಕೆಳಗೆ ನೀರು ಸೋಸುವ ಸಂಪ್ ಇದ್ದರೆ ಅದರಲ್ಲಿ 30–40 ಲೀಟರಿನಷ್ಟು ಭಾಗವನ್ನು ರೆಫ್ಯೂಜಿಯಂ, ಅಂದರೆ ಮೇವಿನ ಜೀವಿಗಳಿಗೆ ಆಶ್ರಯದ ಕೋಣೆ, ಮಾಡಿ. ಕೀಟೋಮಾರ್ಫಾ ಪಾಚಿಯ ಉಂಡೆಯೊಂದು, ಒಂದಷ್ಟು ಕಲ್ಲುಚೂರು, ಮೇಲೊಂದು ದೀಪ ಸಾಕು. ದೊಡ್ಡ ತೊಟ್ಟಿಯ ದೀಪ ಆರಿದಾಗ ಇಲ್ಲಿನದು ಉರಿಯುವಂತೆ ಟೈಮರ್ ಇಡಿ, ರಾತ್ರಿ ಪಿಎಚ್ ಕುಸಿಯುವುದೂ ಇದರಿಂದ ತಗ್ಗುತ್ತದೆ. ಮೀನಿಲ್ಲದ ಈ ಕೋಣೆಯಿಂದ ಮರಿ ಕೋಪೆಪಾಡ್‌ಗಳು ಪಂಪಿನ ಮೂಲಕ ಮೇಲಕ್ಕೆ ಹೋಗುತ್ತಿರುತ್ತವೆ. ಪಂಪು ಅವನ್ನು ಅರೆದುಬಿಡುತ್ತದೆ ಎಂಬ ಹೆದರಿಕೆ ಬೇಡ, ಅಷ್ಟು ಸಣ್ಣ ಜೀವಿಗಳಲ್ಲಿ ಹೆಚ್ಚಿನವು ಪಾರಾಗುತ್ತವೆ. ಅವನ್ನು ನಿಜವಾಗಿ ತಡೆಯುವುದು ನೀರು ಸೋಸುವ ಬಟ್ಟೆಯ ಚೀಲ. ಚೀಲ ಬಿಟ್ಟಿರಲಾಗದಿದ್ದರೆ ವಾರಕ್ಕೆ ಎರಡು ದಿನ ಮಾತ್ರ ಹಾಕಿ.

ಮೇವು ಸಾಕಷ್ಟಿದೆಯೇ ಎಂದು ತಿಳಿಯುವುದು ಸುಲಭ. ದೀಪ ಆರಿ ಒಂದು ಗಂಟೆಯ ನಂತರ ಟಾರ್ಚ್ ಹಿಡಿದು ಗಾಜಿನ ಕೆಳಭಾಗ ನೋಡಿ. ಬಿಳಿ ಚುಕ್ಕೆಗಳು ಗಾಜಿನ ಮೇಲೆ ನಿಂತು ನಿಂತು ಜಿಗಿಯುತ್ತ ಓಡಾಡುತ್ತಿದ್ದರೆ ಅವು ಕೋಪೆಪಾಡ್‌ಗಳು. ಅಂಗೈ ಅಗಲದ ಜಾಗದಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಚುಕ್ಕೆ, ಅದೂ ನಾಲ್ಕೈದು ಕಡೆ ಕಂಡರೆ ಮೀನು ತರುವ ಯೋಚನೆ ಮಾಡಬಹುದು. ಹುಡುಕಿ ಹುಡುಕಿ ಒಂದೆರಡು ಕಂಡರೆ ಇನ್ನೂ ಕಾಯಬೇಕು. ಇದು ಕೈ ಅಂದಾಜಿನ ಲೆಕ್ಕವೇ ಹೊರತು ಕರಾರುವಾಕ್ಕಾದ ಅಳತೆಯಲ್ಲ, ಆದರೆ ತಿಂಗಳು ತಿಂಗಳು ಅದೇ ಜಾಗದಲ್ಲಿ ಎಣಿಸಿದರೆ ಏರುತ್ತಿದೆಯೋ ಇಳಿಯುತ್ತಿದೆಯೋ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಕೋಪೆಪಾಡ್ ಬೆಳೆಸುವುದು

ತೊಟ್ಟಿಯೊಳಗಿನ ಬೆಳೆಯನ್ನು ಮಾತ್ರ ನಂಬಿದರೆ ಒಂದು ದಿನ ಅದು ಮುಗಿಯುತ್ತದೆ. ಹೊರಗೆ ಎರಡು ಡಬ್ಬಿಗಳಲ್ಲಿ ಬೆಳೆಸಿಕೊಂಡರೆ ನಿಶ್ಚಿಂತೆ. ಮಾರಾಟಕ್ಕೆ ಸಿಗುವವುಗಳಲ್ಲಿ ಎರಡನ್ನು ಗುರುತಿಟ್ಟುಕೊಳ್ಳಿ. ಟಿಗ್ರಿಯೋಪಸ್ ಕೆಂಪು ಕಿತ್ತಳೆ ಬಣ್ಣದ್ದು, ದೊಡ್ಡದು, ನೀರಿನಲ್ಲಿ ತೇಲಾಡುತ್ತದೆ. ಮೀನು ಅದನ್ನು ಬೇಗ ಕಂಡು ಬೇಗ ತಿಂದು ಮುಗಿಸುತ್ತದೆ, ಆದ್ದರಿಂದ ಅದು ನೇರ ಊಟಕ್ಕೆ ಒಳ್ಳೆಯದು, ತೊಟ್ಟಿಯಲ್ಲಿ ನೆಲೆಯೂರಲು ಅಲ್ಲ. ಟಿಸ್ಬೆ ಬಿಳಿಚು, ಸಣ್ಣದು, ಕಲ್ಲು ಗಾಜಿಗೆ ಅಂಟಿಕೊಂಡು ಬದುಕುತ್ತದೆ, ಬೆಚ್ಚನೆಯ ನೀರಿನಲ್ಲಿ ಚೆನ್ನಾಗಿ ಹೆಚ್ಚುತ್ತದೆ. ಬಿತ್ತನೆಗೆ ಟಿಸ್ಬೆಯೇ ಸರಿ.

ಆಹಾರ ತುಂಬಲು ಯೋಗ್ಯವಾದ ಹತ್ತು ಲೀಟರಿನ ಪ್ಲಾಸ್ಟಿಕ್ ಡಬ್ಬಿಗೆ ಆರೇಳು ಲೀಟರ್ ಹೊಸ ಉಪ್ಪುನೀರು ತುಂಬಿ, ಸಾಂದ್ರತೆ 1.023ರಿಂದ 1.025, ತಾಪ 24–26 ಡಿಗ್ರಿ ಇರಲಿ. ನೀರಿನ ಮಟ್ಟಕ್ಕೆ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಗಾಳಿಗೆ ಗಟ್ಟಿ ಪ್ಲಾಸ್ಟಿಕ್ ಕೊಳವೆಯ ಬರಿ ತುದಿ ಸಾಕು, ಸೆಕೆಂಡಿಗೆ ಒಂದೆರಡು ದಪ್ಪ ಗುಳ್ಳೆ ಬಂದರೆ ಆಯಿತು. ಏರ್ ಸ್ಟೋನ್ ಹಾಕಬೇಡಿ, ಅದರ ನುಣ್ಣನೆಯ ಗುಳ್ಳೆಗಳು ಮರಿಗಳಿಗೆ ಅಂಟಿ ಅವನ್ನು ಮೇಲಕ್ಕೆ ಎತ್ತಿ ಅಂಚಿನಲ್ಲಿ ಒಣಗಿಸಿಬಿಡುತ್ತವೆ. ಒಂದು ಬಾಟಲಿ ಟಿಸ್ಬೆ ಸುರಿಯಿರಿ. ಆಮೇಲೆ ಫೈಟೋಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿ) ಹಾಕಿ, ನೀರಿಗೆ ತಿಳಿಹಸಿರು ಬಣ್ಣ ಬಂದು ಡಬ್ಬಿಯ ತಳ ಇನ್ನೂ ಕಾಣುವಷ್ಟು ಮಾತ್ರ. ಆ ಹಸಿರು ತಿಳಿಯಾಗುವವರೆಗೆ ಮುಂದಿನ ಸಲ ಹಾಕುವುದು ಬೇಡ.

ಯಾವ ಫೈಟೋ ಎಂಬುದೂ ಮುಖ್ಯ. ನ್ಯಾನೋಕ್ಲೋರಾಪ್ಸಿಸ್ ಸುಲಭವಾಗಿ ಸಿಗುತ್ತದೆ, ಆದರೆ ಅದರಲ್ಲಿ ಡಿಎಚ್‌ಎ ಎಂಬ ಕೊಬ್ಬಿನಾಮ್ಲ ಇಲ್ಲವೆನ್ನುವಷ್ಟು ಕಡಿಮೆ. ಐಸೋಕ್ರೈಸಿಸ್‌ನಲ್ಲಿ ಅದು ಹೇರಳ. ಎರಡನ್ನೂ ಬೆರೆಸಿ ಕೊಟ್ಟರೆ ಕೋಪೆಪಾಡ್ ಪುಷ್ಟಿಯಾಗುತ್ತದೆ, ಅದನ್ನು ತಿಂದ ಮೀನೂ.

ಎರಡು ಮೂರು ವಾರಕ್ಕೆ ಡಬ್ಬಿಯ ಗೋಡೆ ತುಂಬ ಚುಕ್ಕೆಗಳು ಓಡಾಡುತ್ತವೆ. ಆಗ ವಾರಕ್ಕೊಮ್ಮೆ ಕಾಲುಭಾಗ ನೀರನ್ನು 53 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ಜಾಲರಿಯಲ್ಲಿ ಉಳಿದದ್ದನ್ನು ತೊಟ್ಟಿಗೆ ಬಿಟ್ಟು, ಡಬ್ಬಿಗೆ ಹೊಸ ಉಪ್ಪುನೀರು ತುಂಬಿ. ಬಿಡುವಾಗ ದೀಪ ಆರಿರಬೇಕು, ಹರಿವಿನ ಪಂಪು ಅರ್ಧ ಗಂಟೆ ನಿಂತಿರಬೇಕು, ನೊರೆಯ ಮೂಲಕ ಕಲ್ಮಶ ತೆಗೆಯುವ ಸ್ಕಿಮ್ಮರ್ ಮತ್ತು ನೀರಿನ ಸೂಕ್ಷ್ಮಜೀವಿ ಕೊಲ್ಲುವ ಯುವಿ ದೀಪ ರಾತ್ರಿಯಿಡೀ ಬಂದ್ ಇದ್ದರೆ ಒಳ್ಳೆಯದು. ಉದ್ದ ಪಿಪೆಟ್ಟಿನಿಂದ ಕಲ್ಲಿನ ಬುಡದ ಸಂದಿಗೆ ಬಿಡಿ. ಹಗಲಿನಲ್ಲಿ ಮೇಲಿಂದ ಸುರಿದರೆ ಬೇರೆ ಮೀನುಗಳ ಪಾಲಾಗುತ್ತದೆ.

ಡಬ್ಬಿ ಕೆಡುವುದಕ್ಕೆ ಮೂರು ಕಾರಣಗಳು ಪದೇಪದೇ ಎದುರಾಗುತ್ತವೆ. ಮೊದಲನೆಯದು ಅತಿ ಮೇವು: ನೀರು ಮಬ್ಬಾಗಿ ಕೊಳೆತ ವಾಸನೆ ಬರುತ್ತದೆ, ಆಮ್ಲಜನಕ ಇಲ್ಲವಾಗಿ ಒಂದೇ ರಾತ್ರಿಯಲ್ಲಿ ಎಲ್ಲ ಸಾಯುತ್ತವೆ. ಎರಡನೆಯದು ನೀರು ಆವಿಯಾಗಿ ಉಪ್ಪು ಏರುವುದು. ಎಳೆದ ಗೆರೆಗೆ ತಕ್ಕಂತೆ ಆರ್‌ಓ ನೀರನ್ನು, ಉಪ್ಪಿಲ್ಲದೆ, ಎರಡು ದಿನಕ್ಕೊಮ್ಮೆ ತುಂಬುತ್ತಿರಿ. ಮೂರನೆಯದು ಸೂಕ್ಷ್ಮಜೀವಿಗಳಾದ ರೋಟಿಫರ್‌ಗಳು ನುಗ್ಗುವುದು. ಅವು ಕೋಪೆಪಾಡ್‌ಗಿಂತ ಬೇಗ ಹೆಚ್ಚಿ ಮೇವನ್ನೆಲ್ಲ ತಿಂದುಹಾಕುತ್ತವೆ. ಆಗ 150 ಮೈಕ್ರಾನ್ ಜಾಲರಿಯಲ್ಲಿ ಚೆನ್ನಾಗಿ ತೊಳೆದರೆ ಬಹುಪಾಲು ರೋಟಿಫರ್ ಕೆಳಗಿಳಿದು ಬಲಿತ ಟಿಸ್ಬೆ ಮೇಲುಳಿಯುತ್ತದೆ, ಅದರಿಂದ ಹೊಸ ಡಬ್ಬಿ ಶುರು ಮಾಡಬಹುದು. ಎರಡು ಡಬ್ಬಿಗೂ ಬೇರೆ ಬೇರೆ ಪಿಪೆಟ್, ಬೇರೆ ಬೇರೆ ಜಾಲರಿ ಇಟ್ಟುಕೊಳ್ಳಿ. ಒಂದು ಹೋದರೂ ಇನ್ನೊಂದು ಉಳಿಯುತ್ತದೆ.

ಮೀನು ಆರಿಸುವಾಗ

ಅವಸರ ಮಾಡದೆ ಹತ್ತು ನಿಮಿಷ ತೊಟ್ಟಿಯ ಮುಂದೆ ನಿಲ್ಲಿ. ಪಕ್ಕದಿಂದ ನೋಡಿದಾಗ ಹೊಟ್ಟೆ ಹೊರಕ್ಕೆ ಉಬ್ಬಿರಬೇಕು, ಹೋಗಲಿ ನೇರವಾದರೂ ಇರಬೇಕು. ಒಳಕ್ಕೆ ಹೋಗಿದ್ದರೆ ಬೇಡ. ಸಾಧ್ಯವಾದರೆ ಮೇಲಿನಿಂದಲೂ ನೋಡಿ. ತಲೆಯ ಹಿಂದೆ ಮೈ ದುಂಡಗೆ ಬಾಲದ ಕಡೆಗೆ ಸಣ್ಣಗಾಗುತ್ತ ಹೋಗಬೇಕು. ತಲೆ ದೊಡ್ಡದಾಗಿ, ಅದರ ಹಿಂದೆ ಮೈ ಥಟ್ಟನೆ ಕಿರಿದಾಗಿ, ಪಕ್ಕೆಯುದ್ದಕ್ಕೂ ಏಣು ಎದ್ದು ಕಾಣುತ್ತಿದ್ದರೆ ಮೈಯ ಸ್ನಾಯುವೇ ಕರಗುತ್ತಿದೆ ಎಂದರ್ಥ. ಅಂಥ ಮೀನನ್ನು ಕನಿಕರಪಟ್ಟು ತರುವವರಿದ್ದಾರೆ. ಅದು ಚೇತರಿಸಿಕೊಳ್ಳುವುದು ಅಪರೂಪ, ಮೊದಲ ಸಲ ಸಾಕುವವರ ಕೈಯಲ್ಲಂತೂ ಇನ್ನೂ ಕಷ್ಟ.

ಬಾಲದ ಹತ್ತಿರ ಅಥವಾ ಪಕ್ಕೆಯಲ್ಲಿ ಸೂಜಿ ಚುಚ್ಚಿದಂಥ ದುಂಡನೆಯ ಗಾಯವಿದೆಯೇ ನೋಡಿ. ಕವಲು ಹವಳದೊಳಗೆ ಅಡಗುವ ಈ ಮೀನನ್ನು ಕೆಲವು ಕಡೆ ಸಣ್ಣ ಸೂಜಿ ಈಟಿಯಿಂದ ಚುಚ್ಚಿ ಹಿಡಿಯುತ್ತಾರೆ. ಆ ಗಾಯಕ್ಕೆ ಸೋಂಕು ತಗುಲಿದರೆ ಉಳಿಯುವುದಿಲ್ಲ. ಚುರುಕಾಗಿ ಕುಕ್ಕುತ್ತಿದೆಯೇ, ಉಸಿರು ಏದುಸಿರಾಗಿದೆಯೇ, ಎಷ್ಟು ದಿನದಿಂದ ಅಂಗಡಿಯಲ್ಲಿದೆ ಎಂದು ಕೇಳಿ. ಕಲ್ಲಿಲ್ಲದ ಬರಿ ಗಾಜಿನ ತೊಟ್ಟಿಯಲ್ಲಿ ಎರಡು ಮೂರು ವಾರ ಇದ್ದ ಮೀನು ಅಷ್ಟೂ ದಿನ ಉಪವಾಸವೇ ಇದ್ದಿರುತ್ತದೆ. ಫ್ರೋಜನ್ ಮೇವು ತಿನ್ನುತ್ತದೆ ಎಂದು ಅಂಗಡಿಯವರು ಹೇಳಿದರೆ ನಿಮ್ಮೆದುರಿಗೇ ತಿನ್ನಿಸಿ ತೋರಿಸಲು ಕೇಳಿ.

ಸಾಕಣೆಯಲ್ಲೇ ಹುಟ್ಟಿದ ಮರಿ ಸಿಕ್ಕರೆ ಅದೇ ಒಳ್ಳೆಯ ಆಯ್ಕೆ. ಅವು ಫ್ರೋಜನ್ ಮೇವು, ಸಣ್ಣ ಪೆಲೆಟ್‌ಗೆ ಹೊಂದಿಕೊಂಡಿರುತ್ತವೆ, ಕಡಲಿನಿಂದ ಒಂದು ಮೀನು ಕೀಳುವುದೂ ತಪ್ಪುತ್ತದೆ. ಆದರೆ ಮಾರಾಟಕ್ಕೆ ಬರುವಾಗ ಅವು ಎರಡೂವರೆ ಮೂರು ಸೆಂಟಿಮೀಟರ್ ಇರುತ್ತವೆ. ಅಷ್ಟು ಚಿಕ್ಕ ಮೈಯಲ್ಲಿ ಕೂಡಿಟ್ಟ ಕೊಬ್ಬಿರುವುದಿಲ್ಲ, ದೊಡ್ಡ ಮೀನಿಗಿಂತ ಬೇಗ ಸೊರಗುತ್ತವೆ. ಪೆಲೆಟ್ ತಿನ್ನುತ್ತದೆ ಎಂಬ ಧೈರ್ಯದಲ್ಲಿ ಕೋಪೆಪಾಡ್ ಇಲ್ಲದ ತೊಟ್ಟಿಗೆ ಬಿಡಬೇಡಿ.

ಗಂಡೋ ಹೆಣ್ಣೋ ಎಂದು ತಿಳಿಯಲು ಬೆನ್ನಿನ ಮುಂದಿನ ರೆಕ್ಕೆ ನೋಡಿ. ಗಂಡಿನಲ್ಲಿ ಅದರ ಮೊದಲ ಮುಳ್ಳು ಬಾವುಟದ ಕೋಲಿನಂತೆ ಉದ್ದಕ್ಕೆ ಚಾಚಿರುತ್ತದೆ, ಹೆಣ್ಣಿನಲ್ಲಿ ಗಿಡ್ಡ. ರೆಕ್ಕೆ ಮಡಚಿಕೊಂಡಿದ್ದರೆ ಬಿಚ್ಚುವವರೆಗೆ ಕಾಯಿರಿ.

ಮನೆಗೆ ತಂದ ದಿನ

ತೊಟ್ಟಿಯ ದೀಪ ಆರಿಸಿ. ಮೀನಿನ ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಟ್ಟು, ಆಮೇಲೆ ಬಟ್ಟಲಿಗೆ ಸುರಿದು ಸಣ್ಣ ಕೊಳವೆಯಿಂದ ತೊಟ್ಟಿಯ ನೀರನ್ನು ಹನಿಹನಿಯಾಗಿ ಅರ್ಧದಿಂದ ಮುಕ್ಕಾಲು ಗಂಟೆ ಬಿಡಿ. ಇದು ಹತ್ತಿರದ ಅಂಗಡಿಯಿಂದ ತಂದ ಮೀನಿಗೆ. ದೂರದಿಂದ ಪಾರ್ಸೆಲ್‌ನಲ್ಲಿ ಬಂದದ್ದಾದರೆ ಹನಿ ಬಿಡುತ್ತ ಕೂರುವುದು ಅಪಾಯ. ಚೀಲದಲ್ಲಿ ಅಮೋನಿಯಾ ತುಂಬಿರುತ್ತದೆ, ಪಿಎಚ್ ತಗ್ಗಿರುವವರೆಗೆ ಅದರ ವಿಷ ಕಡಿಮೆ. ಚೀಲ ಬಿಚ್ಚಿ ಗಾಳಿ ಆಡಿದಾಗ ಪಿಎಚ್ ಏರಿ ಅದೇ ಅಮೋನಿಯಾ ಕಿವಿರು ಸುಡುತ್ತದೆ. ಹಾಗಾಗಿ ಮೊದಲೇ ಅದೇ ಉಪ್ಪಿನಂಶ, ಅದೇ ತಾಪದ ನೀರು ತಯಾರಿಟ್ಟುಕೊಂಡು ಮೀನನ್ನು ಸರಸರನೆ ಅದಕ್ಕೆ ದಾಟಿಸಿ. ಯಾವ ಸಂದರ್ಭದಲ್ಲೂ ಚೀಲದ ನೀರು ತೊಟ್ಟಿಗೆ ಸೇರಬಾರದು.

ಬಲೆ ಬೇಡ. ಕೆನ್ನೆಯ ಮುಳ್ಳು ಬಲೆಗೆ ಸಿಕ್ಕಿಕೊಂಡರೆ ಬಿಡಿಸುವಾಗ ಮೀನಿಗೆ ಗಾಯವಾಗುತ್ತದೆ, ಲೋಳೆಯೂ ಉಜ್ಜಿಹೋಗುತ್ತದೆ. ಪಾರದರ್ಶಕ ಡಬ್ಬಿಯನ್ನು ಅದರ ಮುಂದೆ ಹಿಡಿದು ಹಿಂದಿನಿಂದ ಬೆರಳಾಡಿಸಿದರೆ ತಾನೇ ಒಳಗೆ ಹೋಗುತ್ತದೆ.

ಕ್ವಾರಂಟೈನ್ ಬೇಕು, ಆದರೆ ಬೇರೆ ಮೀನಿಗೆ ಮಾಡುವ ಹಾಗಲ್ಲ. ಬರಿ ಗಾಜು, ಒಂದು ಪೈಪ್ ತುಂಡು, ತಾಮ್ರದ ಔಷಧ ಎಂಬ ವಿಧಾನದಲ್ಲಿ ಮ್ಯಾಂಡರಿನ್ ನಾಲ್ಕು ವಾರದಲ್ಲಿ ಹಸಿದು ಸಾಯುತ್ತದೆ. ತಾಮ್ರ ಕೋಪೆಪಾಡ್‌ಗಳನ್ನು ಕೊಲ್ಲುತ್ತದೆ, ಕಲ್ಲಿಗೆ ಇಳಿದರೆ ಆ ಕಲ್ಲು ಮುಂದೆ ಉಪಯೋಗಕ್ಕೆ ಬಾರದು. ಕಲ್ಲು ಮತ್ತು ಕೋಪೆಪಾಡ್ ತುಂಬಿದ ಪ್ರತ್ಯೇಕ ತೊಟ್ಟಿಯಲ್ಲಿ, ಔಷಧವಿಲ್ಲದೆ, ಮೂರು ನಾಲ್ಕು ವಾರ ಇಟ್ಟು ಗಮನಿಸಿ. ದಪ್ಪ ಲೋಳೆಯಿಂದಾಗಿ ಬಿಳಿಚುಕ್ಕೆ ರೋಗ ಇದಕ್ಕೆ ತಗಲುವುದು ಕಡಿಮೆ. ಪೂರ್ತಿ ತಗಲುವುದೇ ಇಲ್ಲ ಎಂದೇನಲ್ಲ.

ಫ್ರೋಜನ್ ಮೇವಿಗೆ ರೂಢಿ ಮಾಡಿಸುವುದು

ಮೀನು ದಪ್ಪಗಿರುವಾಗಲೇ ಈ ಕೆಲಸ ಶುರು ಮಾಡಿ. ಸೊರಗಿದ ಮೇಲೆ ಕಲಿಸಲು ಸಮಯವಿರುವುದಿಲ್ಲ. ರಂಧ್ರಗಳಿರುವ ಬ್ರೀಡರ್ ಬಾಕ್ಸನ್ನು ತೊಟ್ಟಿಯೊಳಗೇ ತೂಗುಹಾಕಿ, ಒಂದು ತುಂಡು ಲೈವ್ ರಾಕ್ ಇಟ್ಟು, ಮೀನನ್ನು ಅದರಲ್ಲಿ ಬಿಡಿ.

ಮೊದಲ ಮೂರು ನಾಲ್ಕು ದಿನ ಆಗತಾನೆ ಮೊಟ್ಟೆಯೊಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿ) ಮರಿಗಳನ್ನು ದಿನಕ್ಕೆ ನಾಲ್ಕು ಸಲ ಕೊಡಿ. ಒಂದು ಲೀಟರ್ ನೀರಿಗೆ 25 ಗ್ರಾಂ ಉಪ್ಪು, ಒಂದರಿಂದ ಎರಡು ಗ್ರಾಂ ಆರ್ಟೀಮಿಯಾ ಮೊಟ್ಟೆ ಹಾಕಿ, 26–28 ಡಿಗ್ರಿಯಲ್ಲಿ, ಜೋರಾದ ಗಾಳಿ ಮತ್ತು ಬೆಳಕು ಕೊಟ್ಟರೆ ಹದಿನೆಂಟರಿಂದ ಇಪ್ಪತ್ನಾಲ್ಕು ಗಂಟೆಯಲ್ಲಿ ಒಡೆಯುತ್ತವೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ಮೇಲೆ ತೇಲುತ್ತದೆ, ಕಿತ್ತಳೆ ಬಣ್ಣದ ಮರಿಗಳು ಕೆಳಗೆ ಸೇರುತ್ತವೆ. ಕೆಳಗಿನಿಂದ ಎಳೆದು ತೊಳೆದು ಕೊಡಿ. ಸಿಪ್ಪೆ ಸೇರಿದರೆ ಮೀನಿನ ಕರುಳು ಕಟ್ಟಿಕೊಳ್ಳಬಹುದು. ಒಡೆದ ಕೆಲವು ಗಂಟೆಗಳಲ್ಲೇ ತಿನ್ನಿಸಬೇಕು, ಒಂದು ದಿನ ಕಳೆದ ಮರಿ ತನ್ನ ಭಂಡಾರದ ಕೊಬ್ಬನ್ನು ತಾನೇ ಕರಗಿಸಿಕೊಂಡು ಪೊಳ್ಳಾಗಿರುತ್ತದೆ. ಮಿಕ್ಕಿದ್ದನ್ನು ಬಳಸಲೇಬೇಕಾದರೆ ಕೊಬ್ಬಿನಾಮ್ಲದ ದ್ರಾವಣದಲ್ಲಿ ಪುಷ್ಟೀಕರಿಸಿ ಕೊಡಿ.

ಮೀನು ಬಾಕ್ಸಿನೊಳಗೆ ಧೈರ್ಯವಾಗಿ ತಿನ್ನತೊಡಗಿದ ಮೇಲೆ ಜೀವಂತ ಮರಿಗಳ ಜೊತೆ ಫ್ರೋಜನ್ ಮೀನುಮೊಟ್ಟೆ ಸ್ವಲ್ಪ ಬೆರೆಸಿ. ಕಡಲಿನಲ್ಲೂ ಮೊಟ್ಟೆ ತಿನ್ನುವ ಮೀನಾದ್ದರಿಂದ ಅದನ್ನು ಬೇಗ ಒಪ್ಪುತ್ತದೆ. ಆಮೇಲೆ ಫ್ರೋಜನ್ ಆರ್ಟೀಮಿಯಾ, ಸಣ್ಣಗೆ ಕತ್ತರಿಸಿದ ಮೈಸಿಸ್ ಸೀಗಡಿ. ಎರಡು ಮೂರು ವಾರದಲ್ಲಿ ಜೀವಂತ ಮೇವಿನ ಪಾಲನ್ನು ಇಳಿಸುತ್ತ ಬನ್ನಿ. ಬಾಯಿಗೆ ತೆಗೆದುಕೊಂಡು ಉಗುಳುವುದು ಸಹಜ. ಹಾಗೆ ಉಗುಳುತ್ತಿರುವ ಮೀನು ಕಲಿಯುತ್ತಿದೆ, ನೋಡಿಯೂ ಮುಖ ತಿರುಗಿಸುವುದು ಇನ್ನೂ ಕಲಿತಿಲ್ಲ. ತಿಂದು ಮಿಕ್ಕಿದ್ದನ್ನು ಗಂಟೆಯೊಳಗೆ ಹೀರಿ ತೆಗೆಯಿರಿ. ಮೂರು ವಾರವಾದರೂ ಒಪ್ಪದಿದ್ದರೆ ಹಟ ಮಾಡದೆ ತೊಟ್ಟಿಗೆ ಬಿಟ್ಟುಬಿಡಿ, ಕೋಪೆಪಾಡ್ ಬೆಳೆಯಿದ್ದರೆ ಅದು ಹೇಗೂ ಬದುಕುತ್ತದೆ.

ತೊಟ್ಟಿಗೆ ಬಿಟ್ಟ ಮೇಲೆ ಊಟಕ್ಕೊಂದು ಜಾಗ ಗೊತ್ತುಮಾಡಿ. ಐದಾರು ಸೆಂಟಿಮೀಟರ್ ಬಾಯಿಯ ಗಾಜಿನ ಸೀಸೆಯನ್ನು ಹರಿವಿಲ್ಲದ ಮೂಲೆಯಲ್ಲಿ ಅಡ್ಡ ಮಲಗಿಸಿ, ಮೇಲಿಂದ ಒಂದು ಕೊಳವೆ ಇಳಿಸಿ ಮೇವನ್ನು ಅದರೊಳಗೇ ಬೀಳಿಸಿ. ಮ್ಯಾಂಡರಿನ್ ನಿಧಾನದ ಮೀನು. ನೀರಿನಲ್ಲಿ ಚೆಲ್ಲಿದ ಮೇವು ಅದು ಯೋಚಿಸುವಷ್ಟರಲ್ಲಿ ಬೇರೆಯವರ ಹೊಟ್ಟೆ ಸೇರಿರುತ್ತದೆ. ಮೊದಲು ದೂರದ ಮೂಲೆಯಲ್ಲಿ ಉಳಿದ ಮೀನುಗಳಿಗೆ ಹಾಕಿ, ಪಂಪು ನಿಲ್ಲಿಸಿ, ಆಮೇಲೆ ಸೀಸೆ ತುಂಬಿ.

ವಾರಕ್ಕೊಮ್ಮೆ ಪಕ್ಕದಿಂದ ಒಂದು ಫೋಟೋ ತೆಗೆಯಿರಿ. ದಿನವೂ ನೋಡುವ ಕಣ್ಣಿಗೆ ನಿಧಾನವಾಗಿ ಬತ್ತುವ ಹೊಟ್ಟೆ ಕಾಣುವುದಿಲ್ಲ, ಫೋಟೋ ಹೋಲಿಸಿದರೆ ಕಾಣುತ್ತದೆ. ಹೊಟ್ಟೆ ಒಳಕ್ಕೆ ಹೋಗುತ್ತಿದ್ದರೆ ಅದೇ ದಿನ ಬ್ರೀಡರ್ ಬಾಕ್ಸಿಗೆ ಹಾಕಿ ಜೀವಂತ ಕೋಪೆಪಾಡ್ ಮತ್ತು ಆರ್ಟೀಮಿಯಾವನ್ನು ದಿನಕ್ಕೆ ಐದಾರು ಸಲ ಕೊಡಿ.

ಜೊತೆಗೆ ಯಾರಿರಬಹುದು

ಇದರ ಮೇವನ್ನೇ ತಿನ್ನುವವರು ಬೇಡ: ಆರುಗೆರೆಯ ರ‍್ಯಾಸ್ ಮತ್ತು ಅದರ ಬಳಗ, ಸ್ಕೂಟರ್ ಡ್ರಾಗನೆಟ್, ಪೈಪ್‌ಫಿಶ್. ಒಂದು ರ‍್ಯಾಸ್ ದಿನವಿಡೀ ಕಲ್ಲು ಜಾಲಾಡಿದರೆ ತಿಂಗಳೊಳಗೆ ತೊಟ್ಟಿ ಖಾಲಿ. ಕಾರ್ಪೆಟ್ ಅನಿಮೊನಿ ಇರುವ ತೊಟ್ಟಿಯಲ್ಲಿ ಮ್ಯಾಂಡರಿನ್ ಬಿಡಲೇಬಾರದು, ತಳದಲ್ಲಿ ನಡೆಯುತ್ತ ಹೋಗಿ ಅದರ ಮೇಲೆ ಕಾಲಿಟ್ಟರೆ ಮುಗಿಯಿತು. ಕ್ಲೌನ್, ಕ್ರೋಮಿಸ್, ಫೈರ್‌ಫಿಶ್, ಕಾರ್ಡಿನಲ್ ಮೀನುಗಳಿಂದ ತೊಂದರೆಯಿಲ್ಲ. ತೊಟ್ಟಿಗೆ ಜಾಲರಿ ಮುಚ್ಚಳ ಇರಲಿ, ಮುಸ್ಸಂಜೆ ಮೇಲೇರುವ ಹೊತ್ತಿನಲ್ಲಿ ಹೊರಗೆ ಹಾರುವುದುಂಟು.

ಎರಡು ಗಂಡುಗಳನ್ನು ಒಂದೇ ತೊಟ್ಟಿಯಲ್ಲಿ ಬಿಡಬೇಡಿ. ಒಂದು ಇನ್ನೊಂದನ್ನು ಕಚ್ಚಿ ಹಿಡಿದು ಬಿಡುವುದೇ ಇಲ್ಲ, ಸಾಯುವವರೆಗೆ ಕಾದಾಡುತ್ತವೆ. ಜೋಡಿ ಮಾಡುವಾಗ ಹೆಣ್ಣನ್ನು ಮೊದಲು ಬಿಟ್ಟು ಅದು ನೆಲೆಗೊಂಡ ಮೇಲೆ, ಅದಕ್ಕಿಂತ ತುಸು ದೊಡ್ಡ ಗಂಡನ್ನು ತನ್ನಿ.

ಮುಸ್ಸಂಜೆಯ ಏರಿಕೆ, ಮೊಟ್ಟೆ, ಮರಿ

ಕಡಲಿನಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಹೆಣ್ಣುಗಳು ದಿಬ್ಬದ ಒಂದು ಜಾಗಕ್ಕೆ ಬಂದು ಸೇರುತ್ತವೆ. ದೊಡ್ಡ ಗಂಡಿಗೇ ಹೆಚ್ಚು ಮನ್ನಣೆ. ಹೆಣ್ಣು ಗಂಡಿನ ಹೊಟ್ಟೆಯ ರೆಕ್ಕೆಯ ಮೇಲೆ ಒರಗುತ್ತದೆ, ಎರಡೂ ಮೈಗೆ ಮೈ ತಾಗಿಸಿ ನಿಧಾನವಾಗಿ ಸುಮಾರು ಒಂದು ಮೀಟರ್ ಮೇಲೇರಿ, ಮೊಟ್ಟೆ ಮತ್ತು ವೀರ್ಯ ಬಿಟ್ಟು, ಕಣ್ಣೆವೆಯಿಕ್ಕುವುದರೊಳಗೆ ಕೆಳಗೆ ಧುಮುಕುತ್ತವೆ. ತಂದೆತಾಯಿಯ ಕಾವಲು ಇಲ್ಲ, ಮೊಟ್ಟೆ ತೇಲಿಹೋಗುತ್ತದೆ.

ತೊಟ್ಟಿಯಲ್ಲೂ ಇದನ್ನು ಕಾಣಬಹುದು, ಹೊಟ್ಟೆ ತುಂಬಿದ ಜೋಡಿಯಾಗಿರಬೇಕು ಅಷ್ಟೆ. ದೀಪವನ್ನು ಒಮ್ಮೆಗೇ ಆರಿಸದೆ ಅರ್ಧ ಗಂಟೆಯಿಂದ ಒಂದು ಗಂಟೆ ಮೆಲ್ಲಗೆ ಇಳಿಸಿ. ನೀರಿನ ಆಳ 50 ಸೆಂಟಿಮೀಟರಿಗಿಂತ ಹೆಚ್ಚಿರಲಿ, ತಗ್ಗು ತೊಟ್ಟಿಯಲ್ಲಿ ಏರಿಕೆ ಅರ್ಧಕ್ಕೇ ಮುರಿದು ಮೊಟ್ಟೆ ಬೀಳುವುದಿಲ್ಲ.

ಮರಿ ಮಾಡಿಸುವ ಇಚ್ಛೆಯಿದ್ದರೆ ಏರಿಕೆ ಶುರುವಾಗುವ ಮುನ್ನ ಎಲ್ಲ ಪಂಪು ನಿಲ್ಲಿಸಿ. ಮೊಟ್ಟೆಗಳು ಬಣ್ಣವಿಲ್ಲದ ದುಂಡು ಮಣಿಗಳು, 0.7ರಿಂದ 0.8 ಮಿಲಿಮೀಟರ್, ಮೇಲ್ಮೈಯಲ್ಲಿ ತೇಲುತ್ತವೆ. ಜಾಲರಿಯಲ್ಲಿ ಎತ್ತದೆ ಬಟ್ಟಲನ್ನು ಓರೆಯಾಗಿ ಮುಳುಗಿಸಿ ಮೇಲ್ಪದರದ ನೀರಿನೊಡನೆ ತೆಗೆದುಕೊಳ್ಳಿ. ಹತ್ತು ಇಪ್ಪತ್ತು ಲೀಟರಿನ ದುಂಡನೆಯ ಕಪ್ಪು ಪಾತ್ರೆಗೆ ಅದೇ ತೊಟ್ಟಿಯ ನೀರು ಹಾಕಿ, ಅತಿ ಮೆಲ್ಲನೆ ಗಾಳಿ ಬಿಟ್ಟು ಇಡಿ. ಚೌಕ ಪಾತ್ರೆಯಾದರೆ ಮರಿಗಳು ಮೂಲೆಗೆ ಸೇರಿ ಸಾಯುತ್ತವೆ.

ಹನ್ನೆರಡರಿಂದ ಹದಿನಾರು ಗಂಟೆಯಲ್ಲಿ ಮೊಟ್ಟೆ ಒಡೆಯುತ್ತದೆ. ಹೊರಬಂದ ಮರಿಗೆ ಕಣ್ಣೂ ಇಲ್ಲ, ಬಾಯಿಯೂ ಇಲ್ಲ, ಭಂಡಾರದ ಚೀಲ ಹೊತ್ತ ಗಾಜಿನ ಎಳೆ ಅಷ್ಟೆ. ಎರಡು ಮೂರು ದಿನದಲ್ಲಿ ಬಾಯಿ ತೆರೆಯುತ್ತದೆ, ಆ ಹೊತ್ತಿಗೆ ಮೇವು ಪಾತ್ರೆಯಲ್ಲಿ ಇರಲೇಬೇಕು. ಆ ಬಾಯಿಗೆ ಆರ್ಟೀಮಿಯಾ ಹಿಡಿಸುವುದಿಲ್ಲ, ಹೆಚ್ಚಿನ ರೋಟಿಫರ್ ಕೂಡ ದೊಡ್ಡದೇ. ಪಾರ್ವೊಕ್ಯಾಲನಸ್ ಎಂಬ ತೇಲುವ ಕೋಪೆಪಾಡಿನ ಮರಿಗಳನ್ನು 75 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ಜಾಲರಿ ದಾಟಿ ಕೆಳಗಿಳಿದದ್ದನ್ನು ಮಾತ್ರ ಕೊಡಿ. ನೀರಿಗೆ ಐಸೋಕ್ರೈಸಿಸ್ ತುಸು ಬೆರೆಸಿದರೆ ಕೋಪೆಪಾಡ್ ಹಸಿಯದೆ ಉಳಿಯುತ್ತದೆ, ಮರಿಗೂ ಬೇಟೆ ಎದ್ದು ಕಾಣುತ್ತದೆ. ಒಂದು ವಾರದ ನಂತರ ರೋಟಿಫರ್ ಸೇರಿಸಬಹುದು.

ಎರಡು ವಾರದ ಹೊತ್ತಿಗೆ, ಮೂರೂವರೆ ಮಿಲಿಮೀಟರ್ ಇರುವಾಗಲೇ, ಮರಿಗಳು ತೇಲುವುದು ಬಿಟ್ಟು ತಳಕ್ಕಿಳಿದು ಕುಕ್ಕಲು ಶುರು ಮಾಡುತ್ತವೆ. ಅಂದಿನಿಂದ ತಳದಲ್ಲಿ ಓಡಾಡುವ ಟಿಸ್ಬೆ ಕೊಡಿ, ಬಾಯಿ ಹಿಗ್ಗಿದಂತೆ ಆಗತಾನೆ ಒಡೆದ ಆರ್ಟೀಮಿಯಾ. ತಳ ಹೀರುವಾಗ ಕೊಳವೆಯ ತುದಿಗೆ ಜಾಲರಿ ಕಟ್ಟಿಕೊಳ್ಳಿ, ಈ ಹಂತದ ಮರಿ ಕಸದ ಚೂರಿನಂತೆಯೇ ಕಾಣುತ್ತದೆ. ಒಂದೂವರೆ ಸೆಂಟಿಮೀಟರ್ ದಾಟಿದ ಮೇಲೆ ನುಣ್ಣಗೆ ಅರೆದ ಫ್ರೋಜನ್ ಮೇವನ್ನು ದಿನಕ್ಕೆ ಒಂದು ಹೊತ್ತಿನಿಂದ ರೂಢಿ ಮಾಡಿಸಿ, ಅದನ್ನು ಎಲ್ಲ ಮರಿಗಳೂ ತಿನ್ನುವವರೆಗೆ ಯಾವುದನ್ನೂ ಬೇರೆಯವರಿಗೆ ಕೊಡಬೇಡಿ.